ಬಟ್ಟಲು ಮುಳುಗುವಷ್ಟು ಹೊತ್ತು

ಯಜ್ದ್ ಊರಿನ ಆಸ್ಪತ್ರೆ, ಮೂರನೇ ಮಹಡಿ.
ನನ್ನ ಕೆಲಸ ಎಣಿಸುವುದು.
ಮುಟ್ಟಿನ ಎರಡನೇ ದಿನ, ತಪ್ಪಿದರೆ ಮೂರನೇ ದಿನ
ಬರುತ್ತಾರೆ, ಚಾದರ ಮಡಚಿ ಕುರ್ಚಿಗೆ ಹಾಕುತ್ತಾರೆ,
ಮಲಗಿ ಸೂರು ನೋಡುತ್ತಾರೆ.
ಸೂರಲ್ಲೊಂದು ಬಿರುಕಿದೆ. ಊರಿನ ಅರ್ಧ ಹೆಂಗಸರಿಗೆ
ಅದರ ಪರಿಚಯ.
ನಾನು ಪರದೆ ನೋಡುತ್ತೇನೆ.
ಬೂದು ಮರಳಲ್ಲಿ ಕಪ್ಪು ಚುಕ್ಕಿಗಳು.
ಕೆಲವರಲ್ಲಿ ದಾಳಿಂಬೆ ಒಡೆದಿಟ್ಟ ಹಾಗೆ,
ಎಣಿಸಿ ಸುಸ್ತಾಗಬೇಕು.

ಮಹ್‌ಬಾನುವಿಗೆ ಎಡಕ್ಕೆ ಒಂದು.
ಬಲಕ್ಕೆ, ತಡಕಿ ತಡಕಿ, ಎರಡು.
ವಯಸ್ಸು ಮೂವತ್ತಮೂರು.
ರಕ್ತದ ಚೀಟಿಯಲ್ಲಿ ಎಎಂಎಚ್: ಸೊನ್ನೆ ಪಾಯಿಂಟ್ ನಾಲ್ಕು.
"ಎಷ್ಟು?" ಅಂದಳು, ಬಿರುಕಿನಿಂದ ಕಣ್ಣು ಕೀಳದೆ.
ಡಾಕ್ಟರು ಹೇಳುತ್ತಾರೆ, ಅನ್ನುವುದು
ನಮಗೆ ಕಲಿಸಿಕೊಟ್ಟ ಉತ್ತರ.
"ಮೂರು" ಅಂದೆ.

ಆಮೇಲೆ ಅವಳು ಕೇಳಿದ್ದು, ಎಲ್ಲರೂ ಕೇಳುವುದೇ.
ತಡವಾಗಿ ಮದುವೆಯಾದೆ, ಅದಕ್ಕಾ?
ಪರೀಕ್ಷೆಗಳಿಗೆ ರಾತ್ರಿಯೆಲ್ಲ ಓದಿದೆ, ಅದಕ್ಕಾ?
ಅತ್ತೆ ಹೇಳುತ್ತಾರೆ ನಿನ್ನ ಹೊಟ್ಟೆ ತಣ್ಣಗಿದೆ ಅಂತ;
ಖರ್ಜೂರ, ಶುಂಠಿ, ಕೇಸರಿ, ಮತ್ತೆ ಖರ್ಜೂರ...
ಅಲ್ಲಮ್ಮ.
ಹುಟ್ಟುವಾಗಲೇ ಸೆರಗಲ್ಲಿ ಕಟ್ಟಿಕೊಂಡು ಬಂದ ಬುತ್ತಿ ಇದು.
ದಾರಿಯಲ್ಲಿ ಅಂಗಡಿಯಿಲ್ಲ.
ಕೆಲವರ ಗಂಟಿನಲ್ಲಿ ಮೊದಲೇ ಕಮ್ಮಿ,
ಕೆಲವರದು ಬೇಗ ಸೋರುತ್ತದೆ,
ಯಾಕೆ ಅಂತ ಎಷ್ಟೋ ಸಲ ನಮಗೂ ಗೊತ್ತಾಗುವುದಿಲ್ಲ.
ಎಷ್ಟು ಉಳಿದಿದೆ ಅಂತ ಚೀಟಿ ಹೇಳುತ್ತದೆ,
ಉಳಿದದ್ದು ಹಳಸಿದೆಯೋ ಇಲ್ಲವೋ, ಅದನ್ನಲ್ಲ.

ಹನ್ನೊಂದು ದಿನ ಹೊಕ್ಕುಳ ಪಕ್ಕ ಸೂಜಿ.
ಗಂಡ ಅಬುಜರ್ ಬಂದರ್ ಅಬ್ಬಾಸಿಗೆ ಬಸ್ಸು ಓಡಿಸುತ್ತಾನೆ;
ತಾನೇ ಚುಚ್ಚಿಕೊಂಡಳು.
ಔಷಧಿ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ.
ಮೊದಲ ಸಲ: ಚೀಲ ಬೆಳೆಯಿತು, ಒಳಗೆ ಏನೂ ಸಿಗಲಿಲ್ಲ.
ಬಳೆ ಮಾರಿದರು.
ಎರಡನೇ ಸಲ: ಎರಡು. ಒಂದು ಎಳಸು.
ಇನ್ನೊಂದು ಮೂರನೇ ದಿನ, ನಾಲ್ಕು ಕೋಶವಾಗಿ
ಅಲ್ಲೇ ನಿಂತುಬಿಟ್ಟಿತು.
ಡಾಕ್ಟರು ಬೇರೆಯವಳ ಅಂಡದ ಮಾತೆತ್ತಿದರು.
ನಮ್ಮಲ್ಲಿ ಅದಕ್ಕೆ ಧರ್ಮಗುರುಗಳ ಅಪ್ಪಣೆಯೂ ಇದೆ,
ಕಾಯುವವರ ಸಾಲೂ ಇದೆ.
"ಬೇಡ ಅಂತಲ್ಲ" ಅಂದಳು ಮಹ್‌ಬಾನು,
"ಇನ್ನೂ ಬೇಡ."

ಮೂರನೇ ಸಲ ಜೊತೆಗೆ ಬಂದವನು ಅಪ್ಪ,
ಉಸ್ತಾ ಖೊದಾರಹಂ. ಕನಾತ್ ತೋಡುವವನು.
ಐವತ್ತು ವರ್ಷ ನೆಲದಡಿಯ ಸುರಂಗದಲ್ಲಿ ತೆವಳಿ
ಬೆನ್ನು ಕೊಡಲಿಯ ಕಾವಿನ ಹಾಗೆ ಬಾಗಿದೆ.
ಮೈಮೇಲೆ ಅದೇ ಬಿಳಿ ಬಟ್ಟೆ,
ಮಣ್ಣು ಕುಸಿದರೆ ಅದೇ ಕಫನ್ ಆಗಲಿ ಅಂತ ತೊಡುವ ಬಟ್ಟೆ.
ಬಾಗಿಲಲ್ಲೇ ಡಾಕ್ಟರನ್ನು ತಡೆದ.
"ಅಗೆದರೆ ನೀರು ಹುಟ್ಟುವುದಿಲ್ಲ, ತಾಯಿ.
ಬೆಟ್ಟದಲ್ಲಿ ಇದ್ದಷ್ಟಕ್ಕೆ ದಾರಿ ಆಗುತ್ತದೆ, ಅಷ್ಟೇ.
ನಿಮ್ಮ ಸೂಜಿಯೂ ಹಾಗೇನಾ?"
ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಹಾಗೇ."
"ಸರಿ ಬಿಡಿ. ಬೆಟ್ಟಕ್ಕೇ ನೀರು ತುಂಬುತ್ತೇನೆ ಅಂದವರನ್ನು
ನಾನು ಬೇಕಾದಷ್ಟು ಕಂಡಿದ್ದೇನೆ."

ಮಗಳು ಒಳಗೆ. ಅವನು ಬೆಂಚಿನಲ್ಲಿ.
ಚೀಲದಿಂದ ಒಂದು ತಾಮ್ರದ ಬಟ್ಟಲು ತೆಗೆದ,
ತಳದಲ್ಲಿ ತೂತು.
ಅವನಪ್ಪ ನೀರಿನ ಪಾಲು ಅಳೆಯುತ್ತಿದ್ದನಂತೆ ಇದರಲ್ಲಿ:
ಗಂಗಾಳದ ನೀರಲ್ಲಿ ತೇಲಬಿಟ್ಟರೆ
ತುಂಬಿ ಮುಳುಗುವಷ್ಟು ಹೊತ್ತು ಒಂದು ಹೊಲದ ಸರದಿ.
ಮುಳುಗಿತೋ, ಒಂದು ಕಲ್ಲು ಎತ್ತಿಡುವುದು,
ಮತ್ತೆ ತೇಲಬಿಡುವುದು.
ಇದನ್ನು ಯಾಕೆ ತಂದಿರಿ ಅಂತ ನಾನು ಕೇಳಲಿಲ್ಲ.
ಅವನೇ ಕೇಳಿದ:
"ನೀನು ಎಣಿಸುತ್ತೀಯಲ್ಲ, ಅದು ಎಷ್ಟು ದೊಡ್ಡದು?"
"ಎರಡು ಮಿಲಿಮೀಟರಿನಿಂದ ಶುರು, ಬಾಬಾ."
ಬಟ್ಟಲನ್ನು ಕಿಟಕಿಗೆ ಹಿಡಿದ.
ತೂತಿನಿಂದ ಬೆಳಕು ಅವನ ಹೆಬ್ಬೆರಳ ಮೇಲೆ
ಒಂದು ಚುಕ್ಕೆಯಾಗಿ ಬಿತ್ತು.
"ಇಷ್ಟಾ?"
"ಹೆಚ್ಚೂ ಕಮ್ಮಿ."
"ಇಷ್ಟರಲ್ಲೇ ನಮ್ಮೂರಿನ ಗೋಧಿಯೆಲ್ಲ ಬೆಳೆಯುತ್ತಿತ್ತು" ಅಂದ.

ಆ ದಿನ ಸಿಕ್ಕಿದ್ದು ಒಂದು.
ಒಂದೇ.
ಐದು ದಿನ ಪ್ರಯೋಗಾಲಯದಲ್ಲಿ ನಿಂತಿತು.
ಹಿಂದಕ್ಕೆ ಇಟ್ಟು ಇವತ್ತಿಗೆ ಒಂಬತ್ತನೇ ದಿನ.
ನಾಡಿದ್ದು ರಕ್ತ ಕೊಡಲು ಬರುತ್ತಾಳೆ,
ಅದು ಕೆಳಗಿನ ಮಹಡಿ, ನನಗೆ ಸಂಬಂಧವಿಲ್ಲ.
ಆದರೂ ಬೆಳಿಗ್ಗೆಯಿಂದ ಎರಡು ಸಲ
ಮೆಟ್ಟಿಲಿನ ತನಕ ಹೋಗಿ ಬಂದೆ.

ಬಾಗಿಲು ತಟ್ಟಿದರು.
ಇನ್ನೊಬ್ಬಳು ಚಾದರ ಮಡಚುತ್ತಿದ್ದಾಳೆ.
ಬಾ ತಾಯಿ, ಮಲಗು,
ಕೈ ತಣ್ಣಗಿದೆ ನನ್ನದು, ಕ್ಷಮಿಸು.